ಕನ್ನಡದಲ್ಲಿ ಕೆಲಸ: ನಿತ್ಯ ಬಳಸುವ ತಂತ್ರಾಂಶಗಳು, ಅವು ಬಿಟ್ಟುಹೋಗುವ ಕಡತಗಳು

ಕಡತವನ್ನು ತೆರೆದರೆ ಮೊದಲಿಗೆ ಇಂಗ್ಲಿಷಿನ ದೊಡ್ಡ ಪಿ. ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ಎ. ಅದರ ಬೆನ್ನಿಗೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯು, ಕೊನೆಗೆ ಇನ್ನೊಂದು ಓರೆಗೆರೆಯ ಎ. ಈ ಏಳು ಚಿಹ್ನೆಗಳ ಸಾಲನ್ನು ನಮ್ಮ ರಾಜ್ಯದ ಕಚೇರಿಗಳಲ್ಲಿ ಕೆಲಸ ಮಾಡಿದವರು ಒಮ್ಮೆಯಾದರೂ ನೋಡಿರುತ್ತಾರೆ. ಅದು ಬೇರೇನೂ ಅಲ್ಲ, ‘ಕನ್ನಡ’ ಎಂಬ ಪದ. ಬರೆದ ಗಣಕದಲ್ಲಿ ಅದು ಕನ್ನಡವಾಗಿಯೇ ಕಾಣುತ್ತಿತ್ತು. ಅಕ್ಷರಶೈಲಿ ಇಲ್ಲದ ಇನ್ನೊಂದು ಗಣಕಕ್ಕೆ ಹೋದ ಕೂಡಲೇ ಹೀಗಾಯಿತು.

ನಿತ್ಯದ ಕೆಲಸಕ್ಕೆ ಯಾವ ತಂತ್ರಾಂಶ ಒಳ್ಳೆಯದು, ಮೊಬೈಲಿನಲ್ಲಿ ಯಾವ ಆ್ಯಪ್ ಇದ್ದರೆ ಅನುಕೂಲ ಎಂದು ಹೇಳುವ ಪಟ್ಟಿಗಳಿಗೆ ಅಂತರಜಾಲದಲ್ಲಿ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದವು. ಪತ್ರ, ವರದಿ, ಸಭೆಯ ನಡಾವಳಿ, ಸದಸ್ಯರ ಪಟ್ಟಿ, ಆಮಂತ್ರಣ ಪತ್ರಿಕೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಾದವರ ಪಾಡು ಬೇರೆಯೇ. ಅವರಿಗೆ ಮೊದಲು ಎದುರಾಗುವ ಪ್ರಶ್ನೆ ಕೆಲಸವನ್ನು ಎಷ್ಟು ಬೇಗ ಮುಗಿಸಬಹುದು ಎಂಬುದಲ್ಲ. ಮುಗಿಸಿದ ಕೆಲಸವನ್ನು ಹತ್ತು ವರ್ಷಗಳ ನಂತರ ಯಾರಾದರೂ ಓದಬಲ್ಲರೇ ಎಂಬುದು. ಆದುದರಿಂದ ಈ ಲೇಖನದಲ್ಲಿ ತಂತ್ರಾಂಶಗಳನ್ನು ಆ ಕಡೆಯಿಂದಲೇ ನೋಡಲಾಗಿದೆ.

ಅಕ್ಷರವೋ, ಅಕ್ಷರದ ಚಿತ್ರವೋ?

ಗಣಕಕ್ಕೆ ಅಕ್ಷರಗಳು ತಿಳಿಯುವುದಿಲ್ಲ, ಸಂಖ್ಯೆಗಳು ಮಾತ್ರ ತಿಳಿಯುತ್ತವೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿ ಕೆಲಸ ಸಾಗಿಸಲಾಗುತ್ತದೆ. ತೊಂಬತ್ತರ ದಶಕದ ಸಾಮಾನ್ಯ ಗಣಕಗಳಲ್ಲಿ ಇಂತಹ ಸ್ಥಾನಗಳಿದ್ದದ್ದು 256 ಮಾತ್ರ; ಅವೂ ಇಂಗ್ಲಿಷ್ ಹಾಗೂ ಯುರೋಪಿನ ಭಾಷೆಗಳ ಪಾಲಾಗಿದ್ದವು. ಆಗ ನಮ್ಮವರು ಕಂಡುಕೊಂಡ ಉಪಾಯ ಜಾಣತನದ್ದೇ. ಕನ್ನಡದ ಅಕ್ಷರಗಳನ್ನು ತುಂಡುಗಳಾಗಿ ಬಿಡಿಸಿ, ಒಡಲು, ತಲಕಟ್ಟು, ಕೊಂಬು, ಗುಡಿಸು, ಒತ್ತು ಎಂದು ಬೇರ್ಪಡಿಸಿ, ಅವುಗಳ ಚಿತ್ರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಮೇಲೆ ಹೇಳಿದ ಏಳು ಚಿಹ್ನೆಗಳಲ್ಲಿ ಪಿ ಎಂಬುದು ‘ಕ’ಕಾರದ ಒಡಲು, ಓರೆಗೆರೆಯ ಎ ಅದರ ತಲಕಟ್ಟು. ಪೌಂಡ್ ಚಿಹ್ನೆ ‘ನ’ಕಾರದ ಒಡಲು, ಜರ್ಮನ್ ಅಕ್ಷರ ಅದರ ಒತ್ತು. ಅಂದರೆ ಕಡತದೊಳಗೆ ಕನ್ನಡ ಇರಲೇ ಇಲ್ಲ. ಇದ್ದದ್ದು ಕನ್ನಡದ ವೇಷ ತೊಟ್ಟ ಪರಭಾಷೆಯ ಅಕ್ಷರಗಳು.

ಈ ಬಗೆಯ ತಂತ್ರಾಂಶಗಳನ್ನು ಈಗ ಹಳಿಯುವುದು ಸುಲಭ. ಆದರೆ ಅವು ಇಲ್ಲದಿದ್ದರೆ ಕನ್ನಡವು ಗಣಕಕ್ಕೆ ಬರುವುದು ಇನ್ನೂ ಹತ್ತು ವರ್ಷ ತಡವಾಗುತ್ತಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಿತು; ಬಹುಕಾಲ ಉಚಿತವಾಗಿಯೇ ದೊರೆಯುತ್ತಿದ್ದ ಅದು ಮುಂದೆ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವಾಯಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ಸಿದ್ಧಪಡಿಸಿದ ‘ನುಡಿ’ ಎರಡು ಸಾವಿರದ ದಶಕದ ಆರಂಭದಲ್ಲಿ ಕಚೇರಿಗಳನ್ನು ಹೊಕ್ಕಿತು. ಹೊರನಾಡಿನ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆಯುವಂತಾದದ್ದು, ಜಿಲ್ಲೆಯ ಸಣ್ಣ ಪತ್ರಿಕೆಗಳು ಅಚ್ಚುಮೊಳೆಯನ್ನು ಬಿಟ್ಟು ಗಣಕಕ್ಕೆ ಬಂದದ್ದು ಇಂತಹ ತಂತ್ರಾಂಶಗಳ ಬಲದಿಂದಲೇ.

ಯೂನಿಕೋಡ್ ಈ ವೇಷವನ್ನು ಕಳಚಿತು. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿಯೇ ಬಂದಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡದ ಯೂನಿಕೋಡ್ ಸೌಲಭ್ಯ ದೊರೆಯಿತು. ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೆ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡದ್ದು 2012ರಲ್ಲಿ. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದೂ ಸುಮಾರು ಅದೇ ಹೊತ್ತಿಗೆ.

ಹಾಗಿದ್ದರೂ ಹಳೆಯ ಪದ್ಧತಿ ಇನ್ನೂ ಏಕೆ ಉಳಿದಿದೆ? ಕಾರಣ ಸೋಮಾರಿತನವಲ್ಲ, ಅಥವಾ ಅದೊಂದೇ ಅಲ್ಲ. ಮುದ್ರಣದ ಪುಟವಿನ್ಯಾಸ ಮಾಡುವವರು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯುತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರ ಆವೃತ್ತಿಯಲ್ಲಿ. ಅಷ್ಟರಲ್ಲಿ ಡಿಟಿಪಿ ಅಂಗಡಿಗಳಲ್ಲಿ ಒಂದು ತಲೆಮಾರಿನ ಕೈಬೆರಳುಗಳು ಹಳೆಯ ಪದ್ಧತಿಗೆ ಒಗ್ಗಿಹೋಗಿದ್ದವು. ಇಂದಿಗೂ ನೀವು ಯೂನಿಕೋಡ್‌ನಲ್ಲಿ ಕಳಿಸಿದ ಲೇಖನವನ್ನು ಹಳೆಯ ಅಕ್ಷರಶೈಲಿಗೆ ಬದಲಿಸಿ ಪುಟ ಕಟ್ಟುವ ಮುದ್ರಣಾಲಯಗಳಿವೆ. ಸಂದೇಹವಿದ್ದರೆ ನಿಮ್ಮೂರಿನ ಸ್ಮರಣ ಸಂಚಿಕೆಯ ಸಂಪಾದಕರನ್ನು ಕೇಳಿ ನೋಡಿ.

ಕೀಲಿಮಣೆಯ ಆಯ್ಕೆ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸುವ ಸಾಧನ ಯಾವುದೆಂದು ಕೇಳಿದರೆ ನನ್ನ ಉತ್ತರ ಕೀಲಿಮಣೆಯ ವಿನ್ಯಾಸ. ಬಹುತೇಕರು ಇದರ ಬಗ್ಗೆ ಯೋಚಿಸುವುದೇ ಇಲ್ಲ. ಮೊದಲ ದಿನ ಯಾರೋ ತೋರಿಸಿಕೊಟ್ಟದ್ದನ್ನೇ ಕೊನೆಯವರೆಗೂ ಬಳಸುತ್ತಾರೆ.

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಲಿಪ್ಯಂತರಣ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಂತೆ ಒತ್ತುತ್ತ ಹೋದರೆ ತಂತ್ರಾಂಶ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ‘ಬರಹ’ ಜನಪ್ರಿಯಗೊಳಿಸಿದ್ದು ಇದನ್ನೇ. ಎರಡನೆಯದು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಎಲ್ಲರೂ ಬಲ್ಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ‘ನುಡಿ’ ಬಳಸುವುದು ಇದನ್ನು. ಮೂರನೆಯದು ಎಲ್ಲ ಭಾರತೀಯ ಭಾಷೆಗಳಿಗೂ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ. ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಹಿಂದಿಯ, ತೆಲುಗಿನ ‘ಕ’ವೂ ಇರುತ್ತದೆ.

ವ್ಯತ್ಯಾಸ ತಿಳಿಯಲು ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಲಿಪ್ಯಂತರಣದಲ್ಲಿ ಇದಕ್ಕೆ ಏಳು ಕೀಲಿಗಳು ಬೇಕು. ಜೊತೆಗೆ ‘ಡ’ಕಾರಕ್ಕೆ ಶಿಫ್ಟ್ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ಐದೇ ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯು. ಇಲ್ಲಿ ವ್ಯಂಜನದೊಡನೆ ‘ಅ’ಕಾರ ತಾನಾಗಿಯೇ ಸೇರಿರುತ್ತದೆ, ಎಫ್ ಕೀಲಿಯು ಒತ್ತಕ್ಷರಕ್ಕೆ ಕೊಂಡಿಯಾಗುತ್ತದೆ. ಇದು ನಾವು ಸ್ಲೇಟಿನ ಮೇಲೆ ಕಲಿತ ಕನ್ನಡದ ವ್ಯವಸ್ಥೆಯೇ. ಇನ್‌ಸ್ಕ್ರಿಪ್ಟಿನಲ್ಲಿಯೂ ಐದೇ ಕೀಲಿಗಳು. ಒಂದು ಪದದಲ್ಲಿ ಎರಡು ಕೀಲಿ ಉಳಿದರೆ ಏನು ಮಹಾ ಎನಿಸಬಹುದು. ದಿನಕ್ಕೆ ಐದಾರು ಪುಟ ಬೆರಳಚ್ಚು ಮಾಡುವವರ ಮಣಿಕಟ್ಟಿಗೆ ಸಂಜೆಯ ಹೊತ್ತಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ವಿಂಡೋಸ್ ಗಣಕಗಳಲ್ಲಿ ಇನ್‌ಸ್ಕ್ರಿಪ್ಟ್ ಮಾದರಿಯ ಕನ್ನಡ ಕೀಲಿಮಣೆ ಅಂತರ್ಗತವಾಗಿಯೇ ಬರುತ್ತದೆ. 2019ರ ಮೇ ತಿಂಗಳ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲಿ ಲಿಪ್ಯಂತರಣದ ಕೀಲಿಮಣೆಯೂ ಸೇರಿಕೊಂಡಿತು. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಆಯಿತು. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ಹಿಂದಕ್ಕೆ ಹೋಗಬಹುದು. ಅಪರೂಪಕ್ಕೊಮ್ಮೆ ಕನ್ನಡ ಬರೆಯುವವರಿಗೆ ಲಿಪ್ಯಂತರಣವೇ ಸಾಕು. ಕನ್ನಡವೇ ವೃತ್ತಿಯಾಗಿರುವವರು ಮಾತ್ರ ಹದಿನೈದು ದಿನ ತಾಳ್ಮೆಯಿಂದ ಕೆ.ಪಿ. ರಾವ್ ವಿನ್ಯಾಸವನ್ನು ಕಲಿಯುವುದು ಮೇಲು. ಮೊದಲ ವಾರ ವೇಗ ಅರ್ಧಕ್ಕಿಳಿಯುತ್ತದೆ, ಸಿಟ್ಟೂ ಬರುತ್ತದೆ. ಆಮೇಲೆ ಬೆರಳುಗಳು ತಾವೇ ದಾರಿ ಹಿಡಿಯುತ್ತವೆ. ‘ನುಡಿ’ಯನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಅದರಲ್ಲಿ ಹಳೆಯ ಪದ್ಧತಿಯೂ ಇದೆ, ಯೂನಿಕೋಡ್ ಕೂಡ ಇದೆ. ಕೀಲಿಮಣೆ ಎರಡಕ್ಕೂ ಒಂದೇ ಆದ್ದರಿಂದ ಪರದೆಯ ಮೇಲೆ ನೋಡಿದರೆ ಯಾವುದರಲ್ಲಿ ಬರೆಯುತ್ತಿದ್ದೇವೆಂದು ತಿಳಿಯುವುದಿಲ್ಲ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಅಲ್ಲಿಯೂ ಕನ್ನಡವೇ ಬಂದರೆ ಅದು ಯೂನಿಕೋಡ್.

ಮೊಬೈಲಿನಲ್ಲಿ ಗೂಗಲ್‌ನ ಜಿಬೋರ್ಡ್ ಒಂದರಲ್ಲಿಯೇ ಲಿಪ್ಯಂತರಣ, ಕನ್ನಡ ಅಕ್ಷರಗಳ ಮಣೆ, ಬೆರಳಿನಿಂದ ಗೀಚಿ ಬರೆಯುವ ಸೌಲಭ್ಯ ಮೂರೂ ಇವೆ. ಗೀಚಿ ಬರೆಯುವುದು ಹಿರಿಯರಿಗೆ ಬಹಳ ಹಿಡಿಸುತ್ತದೆ. ಇದರಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಅನುಕೂಲವಿದೆ. ವೈಯಕ್ತಿಕ ನಿಘಂಟಿನಲ್ಲಿ ಒಂದು ದೀರ್ಘ ವಾಕ್ಯವನ್ನು ಬರೆದು ಅದಕ್ಕೆ ಎರಡಕ್ಷರದ ಸಂಕೇತ ಕೊಟ್ಟರೆ, ಆ ಎರಡಕ್ಷರ ಒತ್ತಿದಾಗ ಇಡೀ ವಾಕ್ಯ ಸಲಹೆಯಾಗಿ ಮೂಡುತ್ತದೆ. ಮನೆಯ ವಿಳಾಸ, ‘ತಮ್ಮ ಪತ್ರ ತಲುಪಿದೆ, ಪರಿಶೀಲಿಸಿ ಉತ್ತರಿಸಲಾಗುವುದು’ ಎಂಬಂತಹ ಸಾಲುಗಳನ್ನು ದಿನವೂ ಬರೆಯುವವರಿಗೆ ಇದು ವರವೇ ಸರಿ.

ಹುಡುಕಾಟದ ವಿಷಯದಲ್ಲಿ ಒಂದು ಕಣ್ಣಿಗೆ ಕಾಣದ ತೊಡಕಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಒತ್ತಕ್ಷರವಾಗಿ ಬೆಸೆದುಕೊಳ್ಳದಂತೆ ನಡುವೆ ಅಗೋಚರವಾದ ಒಂದು ಚಿಹ್ನೆಯನ್ನು ಸೇರಿಸಲಾಗುತ್ತದೆ. ‘ರ’ಕಾರವನ್ನು ಅರ್ಕಾವತ್ತಾಗಿಸದೆ ಪೂರ್ತಿ ಬರೆದು ಮುಂದಿನ ಅಕ್ಷರವನ್ನು ಒತ್ತಾಗಿ ಕೊಡುವಾಗಲೂ ಇಂತಹದೇ ಇನ್ನೊಂದು ಚಿಹ್ನೆ ಬೇಕಾಗುತ್ತದೆ. ಒಬ್ಬರು ಚಿಹ್ನೆ ಸೇರಿಸಿ, ಇನ್ನೊಬ್ಬರು ಸೇರಿಸದೆ ಬರೆದರೆ ಕೆಲವು ತಂತ್ರಾಂಶಗಳ ಪಾಲಿಗೆ ಅವು ಎರಡು ಬೇರೆ ಪದಗಳು. ಕಡತದಲ್ಲಿ ಇರುವ ಹೆಸರು ಹುಡುಕಿದಾಗ ಸಿಗದಿದ್ದರೆ ಅದರ ಮೊದಲ ಎರಡಕ್ಷರಗಳನ್ನಷ್ಟೇ ಕೊಟ್ಟು ಹುಡುಕಿ ನೋಡುವುದು ಒಳ್ಳೆಯದು.

ಮಾತು ಬರಹವಾಗುವ ಬಗೆ

ಗೂಗಲ್ 2017ರ ಆಗಸ್ಟ್‌ನಲ್ಲಿ ತನ್ನ ಧ್ವನಿ ಬೆರಳಚ್ಚಿಗೆ ಹಲವು ಭಾಷೆಗಳನ್ನು ಸೇರಿಸಿದಾಗ ಅವುಗಳಲ್ಲಿ ಕನ್ನಡವೂ ಇತ್ತು. ಜಿಬೋರ್ಡಿನ ಮೈಕ್ ಗುರುತನ್ನು ಒತ್ತಿ ಮಾತನಾಡಿದರೆ ಅಕ್ಷರಗಳು ಮೂಡುತ್ತವೆ. ಗಣಕದಲ್ಲಾದರೆ ಕ್ರೋಮ್ ಜಾಲವೀಕ್ಷಕದಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಪಟ್ಟಿಯಲ್ಲಿರುವ ಧ್ವನಿ ಬೆರಳಚ್ಚನ್ನು ಆರಿಸಿ ಕನ್ನಡವನ್ನು ಆಯ್ದುಕೊಳ್ಳಬೇಕು. ಸ್ಪಷ್ಟವಾಗಿ, ಗ್ರಂಥಭಾಷೆಗೆ ಹತ್ತಿರವಾಗಿ ಮಾತನಾಡಿದರೆ ಫಲಿತಾಂಶ ಆಶ್ಚರ್ಯ ಹುಟ್ಟಿಸುವಷ್ಟು ಚೆನ್ನಾಗಿರುತ್ತದೆ. ಧಾರವಾಡದ ಅಥವಾ ಕುಂದಾಪುರದ ಆಡುಮಾತಿನಲ್ಲಿ ಹೇಳಿದರೆ ತಂತ್ರಾಂಶ ತಡವರಿಸುತ್ತದೆ. ನಡುವೆ ಬರುವ ಇಂಗ್ಲಿಷ್ ಪದಗಳು, ಊರಿನ ಹೆಸರುಗಳು, ವ್ಯಕ್ತಿಗಳ ಇನಿಷಿಯಲ್‌ಗಳು ತಪ್ಪುವ ಸಂಭವ ಹೆಚ್ಚು. ವಿರಾಮ ಚಿಹ್ನೆಗಳನ್ನು ನಾವೇ ಹಾಕಿಕೊಳ್ಳಬೇಕು.

ಆದುದರಿಂದ ಇದು ಕರಡಿಗೆ ಒಳ್ಳೆಯದು, ಅಂತಿಮ ಪ್ರತಿಗಲ್ಲ. ಮೊದಲು ಪೂರ್ತಿ ಹೇಳಿ ಮುಗಿಸಿ ನಂತರ ತಿದ್ದುವುದು ಲೇಸು. ಪ್ರತಿ ಸಾಲಿಗೂ ನಿಂತು ತಿದ್ದುತ್ತ ಹೋದರೆ ಬೆರಳಚ್ಚು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇನ್ನೊಂದು ವಿಷಯ, ಇಂತಹ ಸೇವೆಗಳಲ್ಲಿ ನಿಮ್ಮ ಮಾತು ಸಾಮಾನ್ಯವಾಗಿ ಕಂಪೆನಿಯ ಗಣಕಗಳಿಗೆ ಹೋಗಿ ಅಲ್ಲಿಂದ ಬರಹವಾಗಿ ಮರಳುತ್ತದೆ. ರೋಗಿಯ ವಿವರ, ವ್ಯಾಜ್ಯದ ಸಂಗತಿ, ಸಂಬಳದ ಪಟ್ಟಿಗಳನ್ನು ಹೀಗೆ ಓದಿಹೇಳುವ ಮುನ್ನ ಎರಡು ಬಾರಿ ಯೋಚಿಸಿ.

ಕಾಗದದಿಂದ ಕಡತಕ್ಕೆ

ಅಚ್ಚಾದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಜ್ಞಾನಕ್ಕೆ ಕನ್ನಡದ ಒತ್ತಕ್ಷರಗಳು ಬಹುಕಾಲ ಕಬ್ಬಿಣದ ಕಡಲೆಯಾಗಿದ್ದವು. ಈಗ ಹಾಗಿಲ್ಲ. ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಗಣಕದಲ್ಲಿ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದ ಕೆಳಗೆ ಅದರ ಪಠ್ಯ ಯೂನಿಕೋಡ್ ರೂಪದಲ್ಲಿ ಬಂದಿರುತ್ತದೆ. ಅಂತರಜಾಲದ ಹಂಗಿಲ್ಲದೆ ಇದೇ ಕೆಲಸ ಆಗಬೇಕೆಂದರೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಹ್ಯೂಲೆಟ್ ಪ್ಯಾಕರ್ಡ್ ಎಂಬತ್ತರ ದಶಕದಲ್ಲಿ ಆರಂಭಿಸಿದ ಇದು 2005ರಲ್ಲಿ ಮುಕ್ತವಾಯಿತು. ಆದರೆ ಅದನ್ನು ಬಳಸಲು ಸ್ವಲ್ಪ ತಾಂತ್ರಿಕ ಪರಿಚಯ ಬೇಕು. ಎರಡೂ ಕಡೆ ಅಚ್ಚು ಶುಭ್ರವಾಗಿದ್ದರೆ ತಪ್ಪುಗಳು ಕಡಿಮೆ. ಹಳೆಯ ಮೊಳೆಯಚ್ಚಿನ ಪುಟ, ಎರಡು ಕಾಲಮ್ಮಿನ ಪತ್ರಿಕೆಯ ತುಣುಕು, ಜೆರಾಕ್ಸಿನ ಜೆರಾಕ್ಸ್ ಪ್ರತಿಗಳಾದರೆ ತಿದ್ದುವ ಶ್ರಮ ಹೆಚ್ಚು. ಕೈಬರಹಕ್ಕೆ ಇದನ್ನು ನಂಬಬೇಡಿ.

ಕಾಗದವನ್ನು ಮೊಬೈಲಿನಲ್ಲಿಯೇ ಸ್ಕ್ಯಾನ್ ಮಾಡುವುದಕ್ಕೆ ಒಂದು ಕಾಲದಲ್ಲಿ ನಮ್ಮಲ್ಲಿ ಅನೇಕರು ನೆಚ್ಚಿದ್ದು ಕ್ಯಾಮ್‌ಸ್ಕ್ಯಾನರ್ ಆ್ಯಪನ್ನು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ ಚೀನಾ ಮೂಲದ 59 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಇತ್ತು. ವರ್ಷಗಟ್ಟಲೆ ದಾಖಲೆಗಳನ್ನು ಆ ಆ್ಯಪಿನೊಳಗೇ ಬಿಟ್ಟಿದ್ದವರು ಪೇಚಿಗೆ ಸಿಲುಕಿದರು. ಪ್ರತಿಯೊಂದು ಸ್ಕ್ಯಾನನ್ನೂ ಪಿಡಿಎಫ್ ಆಗಿ ಹೊರತೆಗೆದು ಇಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ. ಬೇರೊಂದು ಆ್ಯಪ್ ಹಾಕಿಕೊಂಡರು, ಅಷ್ಟೇ. ಆ್ಯಂಡ್ರಾಯ್ಡ್ ಮೊಬೈಲಿನ ಗೂಗಲ್ ಡ್ರೈವ್ ಆ್ಯಪಿನಲ್ಲಿ, ಐಫೋನಿನ ನೋಟ್ಸ್‌ನಲ್ಲಿ ಸ್ಕ್ಯಾನ್ ಸೌಲಭ್ಯ ಅಂತರ್ಗತವಾಗಿಯೇ ಇದೆ. ಪ್ರತ್ಯೇಕ ಆ್ಯಪಿನ ಅಗತ್ಯ ಹೆಚ್ಚಿನವರಿಗೆ ಇಲ್ಲ. ಅಂದಹಾಗೆ, ದಾಖಲೆಯ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಗುಣಮಟ್ಟದಲ್ಲಿಯೇ ತಲುಪುತ್ತದೆ.

ಪಟ್ಟಿಗಳ ಕಥೆ

ಒಂದು ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಿ. ಎರಡು ಸಾವಿರ ಸದಸ್ಯರ ಹೆಸರು, ಊರು, ಷೇರು ಮೊತ್ತಗಳು ಎಕ್ಸೆಲ್ ಕಡತದಲ್ಲಿವೆ. ಹೆಸರುಗಳು ಹಳೆಯ ಅಕ್ಷರಶೈಲಿಯಲ್ಲಿವೆ ಎಂದಾದರೆ ಅಕಾರಾದಿಯಾಗಿ ಜೋಡಿಸಿ ಎಂದು ಆಜ್ಞೆ ಕೊಟ್ಟಾಗ ಎಕ್ಸೆಲ್ ಜೋಡಿಸುವುದು ವೇಷದ ಒಳಗಿರುವ ಇಂಗ್ಲಿಷ್ ಅಕ್ಷರಗಳನ್ನು. ಕನ್ನಡದ ಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಡುಕುವುದೂ ಅಷ್ಟೇ ಕಷ್ಟ. ಅದೇ ಪಟ್ಟಿ ಯೂನಿಕೋಡಿನಲ್ಲಿದ್ದರೆ ಅಮೃತಾ ಮೊದಲು, ಹೊನ್ನಪ್ಪ ಕೊನೆಯಲ್ಲಿ ಬರುತ್ತಾರೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ಕಾರದ ನಂತರ. ಯೂನಿಕೋಡಿನ ಸಂಖ್ಯೆಗಳ ಸಾಲಿನಲ್ಲಿ ಅದು ‘ಲ’ಕಾರದ ಪಕ್ಕದಲ್ಲಿದೆ. ಭಾಷೆಯ ಕ್ರಮವನ್ನು ನೋಡದೆ ಕೇವಲ ಸಂಖ್ಯೆಯಂತೆ ಜೋಡಿಸುವ ತಂತ್ರಾಂಶದಲ್ಲಿ ‘ಕಳಸ’ ಎಂಬ ಊರು ‘ಕವಿತಾಳ’ಕ್ಕಿಂತ ಮೊದಲು ಬಂದುಬಿಡುತ್ತದೆ.

ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. ಷೇರು ಮೊತ್ತವನ್ನು ಯೂನಿಕೋಡಿನ ಕನ್ನಡ ಅಂಕಿಗಳಲ್ಲಿ ತುಂಬಿದರೆ ಎಕ್ಸೆಲ್ ಅದನ್ನು ಸಾಮಾನ್ಯವಾಗಿ ಸಂಖ್ಯೆಯೆಂದು ಎಣಿಸುವುದಿಲ್ಲ, ಪಠ್ಯವೆಂದೇ ತಿಳಿಯುತ್ತದೆ. ಮೊತ್ತ ಸೊನ್ನೆ ಎಂದು ತೋರಿಸುತ್ತದೆ. ಕನ್ನಡ ಅಂಕಿಗಳ ಮೇಲೆ ನನಗೂ ಅಭಿಮಾನವಿದೆ, ಆದರೆ ಲೆಕ್ಕದ ಕಾಲಮ್ಮಿನಲ್ಲಿ ಅವನ್ನು ಬಳಸದಿರುವುದೇ ಸೂಕ್ತ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪಟ್ಟಿ ಸಾಗಿಸಲು ಸಿಎಸ್‌ವಿ ರೂಪ ಬಳಸುವವರು ಎಕ್ಸೆಲ್‌ನಲ್ಲಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಬರಿಯ ಸಿಎಸ್‌ವಿ ಆರಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಮತ್ತು ಅವನ್ನು ಮರಳಿ ಕನ್ನಡವಾಗಿಸುವ ದಾರಿ ಇಲ್ಲ.

ಸದಸ್ಯರಿಗೆ ಕಿರುಸಂದೇಶ ಕಳಿಸುವ ಸಂಘಗಳಿಗೆ ಇನ್ನೊಂದು ಮಾತು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರಗಳ ಮಿತಿಯಾದರೆ ಕನ್ನಡಕ್ಕೆ 70 ಮಾತ್ರ. ಕಾಗುಣಿತದ ಚಿಹ್ನೆ, ಒತ್ತು ಎಲ್ಲವೂ ಎಣಿಕೆಗೆ ಸೇರುತ್ತವೆ. ‘ಕನ್ನಡ’ ಎಂಬುದೇ ಐದು. ಸಂದೇಶ ಉದ್ದವಾದರೆ ಎರಡು ಮೂರು ಸಂದೇಶಗಳ ಲೆಕ್ಕಕ್ಕೆ ಬರುತ್ತದೆ.

ಟಿಪ್ಪಣಿ ಪುಸ್ತಕಗಳು ಬರುತ್ತವೆ, ಹೋಗುತ್ತವೆ

ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿಗಳಿಗಾಗಿ ನೂರಾರು ಆ್ಯಪ್‌ಗಳಿವೆ. ಅವುಗಳ ಗುಣಗಾನ ಮಾಡುವ ಮುನ್ನ ಎರಡು ಉದಾಹರಣೆ ನೋಡೋಣ. ಬಹಳ ಮಂದಿ ಮೆಚ್ಚಿದ್ದ ವಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ ಕೊಂಡುಕೊಂಡು, ಕೊನೆಗೆ 2020ರ ಮೇ 6ರಂದು ಮುಚ್ಚಿತು. ಟಿಪ್ಪಣಿ ಆ್ಯಪ್‌ಗಳ ಹಿರಿಯಣ್ಣನಂತಿದ್ದ ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಕಂಪೆನಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಉಚಿತವಾಗಿ ಕೊಟ್ಟದ್ದನ್ನು ಅವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ನಾನು ಇಷ್ಟಪಡುವುದು ಗೂಗಲ್ ಕೀಪ್ ಅನ್ನು, ಅದೂ ತಾತ್ಕಾಲಿಕ ಟಿಪ್ಪಣಿಗಳಿಗೆ ಮಾತ್ರ: ಮಾರುಕಟ್ಟೆಯಿಂದ ತರಬೇಕಾದ ಸಾಮಾನು, ನಾಳೆ ಮಾಡಬೇಕಾದ ಕರೆ, ದಾರಿಯಲ್ಲಿ ಹೊಳೆದ ವಿಚಾರ. ಉಳಿಯಬೇಕಾದ ಬರಹವೆಲ್ಲ ಸಾದಾ ಪಠ್ಯ ಕಡತಕ್ಕೆ ಅಥವಾ ಲಿಬ್ರೆಆಫೀಸ್, ವರ್ಡ್ ಕಡತಕ್ಕೆ ಹೋಗುತ್ತದೆ. ಸಾದಾ ಪಠ್ಯ ಕಡತದಲ್ಲಿ ಅಲಂಕಾರವಿಲ್ಲ ನಿಜ, ಆದರೆ ಅದನ್ನು ತೆರೆಯಲಾಗದ ಗಣಕವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರ ಕೊನೆಯಲ್ಲಿ ಬಂದ ಮೇಲೆ ಅದನ್ನೇ ಟಿಪ್ಪಣಿ ಪುಸ್ತಕ ಮಾಡಿಕೊಂಡವರಿದ್ದಾರೆ. ಕೈಗೆ ಸುಲಭ, ಆರು ತಿಂಗಳ ನಂತರ ಅದರಲ್ಲಿ ಏನನ್ನಾದರೂ ಹುಡುಕುವುದು ಮಾತ್ರ ಕಣಜದಲ್ಲಿ ಸೂಜಿ ಅರಸಿದಂತೆ.

ಗಣಕದಲ್ಲಿ ಎರಡು ಸಣ್ಣ ಸಾಧನಗಳನ್ನು ಹೆಸರಿಸಬೇಕು. ವಿಂಡೋಸ್ ಕೀಲಿಯೊಡನೆ ವಿ ಒತ್ತಿದರೆ ನೀವು ಕೊನೆಯಲ್ಲಿ ನಕಲಿಸಿದ 25 ತುಣುಕುಗಳವರೆಗೆ ಪಟ್ಟಿಯಾಗಿ ಬರುತ್ತವೆ. 2018ರಿಂದ ಇರುವ ಈ ಸೌಲಭ್ಯವನ್ನು ಒಮ್ಮೆ ಸಕ್ರಿಯಗೊಳಿಸಿಕೊಳ್ಳಬೇಕು. ಇನ್ನೊಂದು, ‘ಎವೆರಿಥಿಂಗ್’ ಎಂಬ ಪುಟ್ಟ ಉಚಿತ ತಂತ್ರಾಂಶ. ಕಡತದ ಹೆಸರಿನ ಒಂದು ಭಾಗ ಒತ್ತುವಷ್ಟರಲ್ಲಿ ಗಣಕದ ಯಾವ ಮೂಲೆಯಲ್ಲಿದ್ದರೂ ತೋರಿಸುತ್ತದೆ. ಕಡತಗಳಿಗೆ ಯೂನಿಕೋಡ್ ಕನ್ನಡದಲ್ಲಿಯೇ ಹೆಸರಿಟ್ಟಿದ್ದರೆ ಕನ್ನಡದಲ್ಲಿಯೇ ಹುಡುಕಬಹುದು.

ಅನುವಾದ, ನಿಘಂಟು

ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಆಗಿನ ಅನುವಾದಗಳು ನಗೆಬರಹಗಳಂತಿದ್ದವು. ಈಗ ಬಹಳ ಸುಧಾರಿಸಿದೆ, ಮತ್ತು ಅಪಾಯವಿರುವುದು ಅಲ್ಲಿಯೇ: ವಾಕ್ಯ ಸರಾಗವಾಗಿದ್ದರೆ ನಾವು ಪರೀಕ್ಷಿಸುವುದನ್ನು ಬಿಡುತ್ತೇವೆ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ಅವರು ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಕನ್ನಡದಲ್ಲಿ ಪ್ರಕಟಿಸಿತು. ಮೆಟಾ ಕಂಪೆನಿಯ ಸ್ವಯಂಚಾಲಿತ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಿಧನರಾದವರು ಮುಖ್ಯಮಂತ್ರಿಯವರೇ ಎಂಬ ಅರ್ಥ ಬರುವಂತೆ ಮಾಡಿತು. ಕಂಪೆನಿಗೆ ಪತ್ರ ಹೋಯಿತು, ಅದು ಕ್ಷಮೆ ಕೇಳಿ ದೋಷವನ್ನು ಸರಿಪಡಿಸಿತು. ಕನ್ನಡದ ವಾಕ್ಯದಲ್ಲಿ ಕರ್ತೃ ಒಂದು ಕಡೆ, ಕ್ರಿಯಾಪದ ಕೊನೆಯಲ್ಲಿ, ನಡುವೆ ವಿಶೇಷಣಗಳ ಉದ್ದನೆಯ ಸಾಲು. ಯಾವ ವಿಶೇಷಣ ಯಾರಿಗೆ ಸೇರಿದ್ದು ಎಂಬುದರಲ್ಲಿ ಯಂತ್ರ ಎಡವುತ್ತದೆ. ಯಂತ್ರಕ್ಕೆ ಕೊಡುವ ಕನ್ನಡ ವಾಕ್ಯಗಳನ್ನು ಚಿಕ್ಕದಾಗಿ ಒಡೆದು ಕೊಟ್ಟರೆ ಇಂತಹ ತಪ್ಪು ಕಡಿಮೆಯಾಗುತ್ತದೆ. ನೋಟಿಸು, ಕರಾರು, ಔಷಧದ ಸೂಚನೆಗಳಿಗಂತೂ ಮನುಷ್ಯರೊಬ್ಬರು ಎರಡೂ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲೇಬೇಕು.

ಪದವೊಂದರ ಅರ್ಥಕ್ಕೆ ಅನುವಾದ ಯಂತ್ರಕ್ಕಿಂತ ನಿಘಂಟೇ ಮೇಲು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರಜಾಲದಲ್ಲಿ ಮುಕ್ತವಾಗಿ ಬಂದಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಇದನ್ನು ಯಾರು ಬೇಕಾದರೂ ಬಳಸಬಹುದು, ಅದರ ಮೇಲೆ ಬೇರೆ ತಂತ್ರಾಂಶ ಕಟ್ಟಲೂಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿ ಆರಂಭವಾಯಿತು. ಅದರ ಜಾಲತಾಣದಲ್ಲಿ ಹಲವು ಭಾಷೆಗಳ ನಿಘಂಟುಗಳು ಒಂದೆಡೆ ದೊರೆಯುತ್ತವೆ. ಕಾಗುಣಿತ ಪರೀಕ್ಷಕಗಳು ಮಾತ್ರ ಕನ್ನಡದಲ್ಲಿ ಇನ್ನೂ ತೃಪ್ತಿ ತರುವುದಿಲ್ಲ. ‘ಮನೆಯಲ್ಲಿದ್ದವರಿಗೂ’ ಎಂಬುದು ನಮಗೆ ಒಂದೇ ಪದ. ಒಂದು ಧಾತುವಿನಿಂದ ಹುಟ್ಟಬಹುದಾದ ಇಂತಹ ರೂಪಗಳನ್ನೆಲ್ಲ ಪಟ್ಟಿ ಮಾಡಿ ಮುಗಿಸುವುದು ಅಸಾಧ್ಯ.

ಹಳೆಯ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ?

ಇದು ಈ ಲೇಖನದ ಮುಖ್ಯ ವಿಷಯ. ಊರಿನ ಇತಿಹಾಸ, ಶಾಲೆಯ ಶತಮಾನೋತ್ಸವದ ಸಂಚಿಕೆ, ತೀರಿಕೊಂಡ ಹಿರಿಯರ ಅಪ್ರಕಟಿತ ಆತ್ಮಕಥೆ, ಇಪ್ಪತ್ತು ವರ್ಷಗಳ ಸಂಘದ ನಡಾವಳಿ ಇವೆಲ್ಲ ಹಳೆಯ ಅಕ್ಷರಶೈಲಿಯ ಕಡತಗಳಲ್ಲಿ ಕುಳಿತಿವೆ. ದೃಷ್ಟಿಹೀನರಿಗೆ ಇವು ಇದ್ದೂ ಇಲ್ಲದಂತೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿಹೇಳುತ್ತದೆ. ಹಳೆಯ ಕಡತ ತೆರೆದರೆ ಅದು ಓದುವುದು ಪಿ, ಎ, ಪೌಂಡ್ ಎಂದು.

ಹಳೆಯ ಅಕ್ಷರಶೈಲಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ‘ಬರಹ’, ‘ನುಡಿ’ಗಳ ಜೊತೆಗೂ ಬರುತ್ತವೆ, ಸ್ವಯಂಸೇವಕರು ಅಂತರಜಾಲದಲ್ಲಿಟ್ಟಿರುವವೂ ಇವೆ. ಮೂಲ ಕಡತವನ್ನು ಮುಟ್ಟದೆ ಅದರ ನಕಲಿನ ಮೇಲೆ ಕೆಲಸ ಮಾಡಿ. ಯಾವ ಅಕ್ಷರಶೈಲಿಯಲ್ಲಿದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ, ಏಕೆಂದರೆ ಒಂದೊಂದು ಕಂಪೆನಿ ತುಂಡುಗಳನ್ನು ತನ್ನದೇ ಕ್ರಮದಲ್ಲಿ ಕೂರಿಸಿತ್ತು. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿಯ ಪಠ್ಯ ಅರ್ಥವಾಗುವುದಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ವಾಕ್ಯಗಳಿದ್ದರೆ ಅವನ್ನು ಬೇರೆ ಮಾಡಿ. ಇಲ್ಲವಾದರೆ ಸಾದಾ ಪರಿವರ್ತಕವು ಆ ಇಂಗ್ಲಿಷನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಸುರಿಯುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಮೂರು ವ್ಯಂಜನಗಳ ಒತ್ತಕ್ಷರ, ಅಂಕಿಗಳು, ಉದ್ಧರಣ ಚಿಹ್ನೆ ಇವುಗಳನ್ನು ಕಣ್ಣಿಟ್ಟು ನೋಡಿ. ತಪ್ಪುಗಳು ಸೇರಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಪಿಡಿಎಫ್ ಮಾಡಿಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಓದಲು ಸಾಕು. ಆದರೆ ಕನ್ನಡದ ಪಿಡಿಎಫ್‌ನಿಂದ ಪಠ್ಯ ನಕಲಿಸಿದಾಗ ಒತ್ತು, ಕೊಂಬುಗಳು ಅದಲುಬದಲಾಗುವುದು ಸಾಮಾನ್ಯ. ಆದುದರಿಂದ ಪಿಡಿಎಫ್‌ನೊಡನೆ ಮೂಲ ಪಠ್ಯ ಕಡತವೂ ಇರಲಿ.

ಕಡತಗಳನ್ನು ಇಡುವುದೆಲ್ಲಿ? ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ, ಬರಿಯ ಪಠ್ಯಕ್ಕೆ ಅದು ಜನ್ಮಕ್ಕಾಗುವಷ್ಟು. ಆದರೆ ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮನೆಯ ಹಿರಿಯರೊಬ್ಬರು ತೀರಿಕೊಂಡ ನಂತರ ಅವರ ಖಾತೆಯ ಕಡೆ ಯಾರೂ ನೋಡದಿದ್ದರೆ ಅವರ ಬರಹವೂ ಹೋಗಬಹುದು. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಯಾರಿಗೆ ಕಡತಗಳನ್ನು ಕೊಡಬೇಕು ಎಂದು ಮೊದಲೇ ಗೊತ್ತುಪಡಿಸುವ ವ್ಯವಸ್ಥೆ ಗೂಗಲ್ ಖಾತೆಯಲ್ಲಿ ಇದೆ. ಅದನ್ನು ಈಗಲೇ ತುಂಬಿಸಿ. ಅದರ ಜೊತೆಗೆ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಬಂಧುಗಳ ಬಳಿ ಇರಲಿ.

ಸಿಡಿಗಳಲ್ಲಿ ಇರುವ ಕಡತಗಳಿಗೆ ಮೊದಲ ಆದ್ಯತೆ ಕೊಡಬೇಕು. ಇಪ್ಪತ್ತು ವರ್ಷದ ಸಿಡಿ ಓದದೇ ಹೋಗುವ ಸಾಧ್ಯತೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಇರುವುದೂ ಅಪರೂಪ. ಯುಎಸ್‌ಬಿ ಮೂಲಕ ಜೋಡಿಸುವ ಡ್ರೈವ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಪೇಜ್‌ಮೇಕರ್ ಕಡತಗಳಾದರೆ ಅವನ್ನು ತೆರೆಯಬಲ್ಲ ಹಳೆಯ ಗಣಕ ನಿಮ್ಮ ಊರಿನ ಡಿಟಿಪಿ ಅಂಗಡಿಯಲ್ಲಿ ಇರಬಹುದು. ಅದು ಗುಜರಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ಅಲ್ಲಿನ ಹಳೆಯ ಅಕ್ಷರಶೈಲಿಗಳನ್ನೂ ಜೊತೆಗೆ ನಕಲಿಸಿಕೊಂಡು ಬನ್ನಿ.